‘ವಿ ಆರ್ ಹ್ಯಾವಿಂಗ್ ಸ್ಟಾಕ್’ ಸರಿಯೇ? ವ್ಯವಹಾರ ಪತ್ರಗಳಲ್ಲಿ ಸ್ಥಿತಿವಾಚಕ ಕ್ರಿಯಾಪದಗಳ ಬಳಕೆ

ನಮ್ಮ ರಾಜ್ಯದ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಹೊರರಾಜ್ಯ ಮತ್ತು ಹೊರದೇಶಗಳ ಖರೀದಿದಾರರೊಡನೆ ನಡೆಸುವ ಪತ್ರವ್ಯವಹಾರವು ಬಹುಪಾಲು ಇಂಗ್ಲಿಷಿನಲ್ಲಿಯೇ ಸಾಗುತ್ತದೆ. ಕೊಟೇಶನ್, ಆರ್ಡರ್ ಸ್ವೀಕೃತಿ, ಬಾಕಿ ವಸೂಲಿಯ ನೆನಪೋಲೆ, ದೂರಿಗೆ ಉತ್ತರ ಇವೆಲ್ಲವೂ ಈಗ ಇ-ಮೇಲ್ ಮೂಲಕ ಕ್ಷಣಮಾತ್ರದಲ್ಲಿ ತಲುಪುತ್ತವೆ. ಹೀಗೆ ತಲುಪಿದ ಪತ್ರವೇ ಎಷ್ಟೋ ಸಲ ನಮ್ಮ ಸಂಸ್ಥೆಯ ಮೊದಲ ಪರಿಚಯವಾಗುತ್ತದೆ. ಮುಂದೆ ತಕರಾರು ಎದ್ದಲ್ಲಿ ಅದೇ ದಾಖಲೆಯೂ ಆಗುತ್ತದೆ. ಆದುದರಿಂದ ಇಂತಹ ಪತ್ರಗಳಲ್ಲಿ ಪದೇ ಪದೇ ಕಂಡುಬರುವ ಒಂದು ಭಾಷಾದೋಷವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬೆಳಗಾವಿಯ ಎರಕದ ಕಾರ್ಖಾನೆಯೊಂದು ವಿದೇಶದ ಪೂರೈಕೆದಾರರೊಬ್ಬರಿಗೆ ಹೀಗೆ ಬರೆಯಿತೆಂದು ಊಹಿಸಿಕೊಳ್ಳೋಣ:

1. ‘ವಿ ಆರ್ ಹ್ಯಾವಿಂಗ್ ಟೂ ಫರ್ನೇಸಸ್.’
2. ‘ಈಚ್ ಕಾಸ್ಟಿಂಗ್ ಈಸ್ ವೇಯಿಂಗ್ 12 ಕೆಜಿ.’
3. ‘ವಿ ಆರ್ ಅಂಡರ್‌ಸ್ಟ್ಯಾಂಡಿಂಗ್ ಯುವರ್ ಟರ್ಮ್ಸ್.’
4. ‘ವಿ ಆರ್ ಕನ್ಸಿಡರಿಂಗ್ ಯುವರ್ ರೇಟ್ ಆ್ಯಸ್ ಫೈನಲ್.’

ಮೊದಲ ಮೂರು ವಾಕ್ಯಗಳಲ್ಲಿ ದೋಷವಿದ್ದರೂ ಓದುವವರಿಗೆ ಅರ್ಥ ತಿಳಿಯುತ್ತದೆ. ನಾಲ್ಕನೆಯದು ಹಾಗಲ್ಲ. ‘ನಿಮ್ಮ ದರವನ್ನು ಅಂತಿಮವೆಂದು ಭಾವಿಸಿದ್ದೇವೆ’ ಎಂಬುದು ಬರೆದವರ ಅಭಿಪ್ರಾಯ. ಓದಿದವರಾದರೋ ‘ಇವರು ಇನ್ನೂ ಯೋಚಿಸುತ್ತಿದ್ದಾರೆ’ ಎಂದು ತಿಳಿಯಬಹುದು. ಒಬ್ಬರು ವ್ಯವಹಾರ ಮುಗಿಯಿತೆಂದು ಕುಳಿತಿರುವಾಗ ಇನ್ನೊಬ್ಬರು ಉತ್ತರಕ್ಕಾಗಿ ಕಾಯುತ್ತಿರುತ್ತಾರೆ. ನಾಲ್ಕೂ ವಾಕ್ಯಗಳ ದೋಷದ ಮೂಲ ಒಂದೇ: ಸ್ಥಿತಿಯನ್ನು ಹೇಳುವ ಕ್ರಿಯಾಪದವನ್ನು ಕಂಟಿನ್ಯುಯಸ್ ಟೆನ್ಸ್‌ನಲ್ಲಿ ಬಳಸಿರುವುದು.

ಸ್ಥಿತಿ ಬೇರೆ, ಚಟುವಟಿಕೆ ಬೇರೆ

ಇಂಗ್ಲಿಷ್ ಕ್ರಿಯಾಪದಗಳನ್ನು ಅರ್ಥದ ದೃಷ್ಟಿಯಿಂದ ಎರಡು ಬಗೆಯಾಗಿ ವಿಂಗಡಿಸಬಹುದು. ತಯಾರಿಸು, ಕಳುಹಿಸು, ತುಂಬು, ಅಳೆ, ಬರೆ ಮುಂತಾದವು ಚಟುವಟಿಕೆಯನ್ನು ಹೇಳುತ್ತವೆ. ಇವಕ್ಕೆ ಆರಂಭವಿದೆ, ಅಂತ್ಯವಿದೆ, ಅರ್ಧಕ್ಕೆ ನಿಲ್ಲಿಸಲೂಬಹುದು. ಇವನ್ನು ‘ಈಸ್’, ‘ಆರ್’, ‘ವಾಸ್’ ಮುಂತಾದವುಗಳ ಜೊತೆಗೆ ‘ಇಂಗ್’ ಸೇರಿಸಿ ಧಾರಾಳವಾಗಿ ಬಳಸಬಹುದು: ‘ವಿ ಆರ್ ಪ್ಯಾಕಿಂಗ್ ಯುವರ್ ಗೂಡ್ಸ್.’

ಹೊಂದಿರುವುದು, ತಿಳಿದಿರುವುದು, ಬೇಕಾಗಿರುವುದು, ತೂಗುವುದು, ಬೆಲೆ ಬಾಳುವುದು ಮುಂತಾದವು ಚಟುವಟಿಕೆಗಳಲ್ಲ, ಸ್ಥಿತಿಗಳು. ಎರಡು ಕುಲುಮೆಗಳ ಒಡೆತನವೆಂಬುದು ಬೆಳಿಗ್ಗೆ ಹತ್ತಕ್ಕೆ ಆರಂಭಿಸಿ ಸಂಜೆ ಆರಕ್ಕೆ ಮುಗಿಸುವ ಕೆಲಸವಲ್ಲ. ಇಂತಹ ಕ್ರಿಯಾಪದಗಳು ಸಿಂಪಲ್ ಟೆನ್ಸ್‌ನಲ್ಲಿ ಮಾತ್ರ ಸಹಜವಾಗಿ ನಿಲ್ಲುತ್ತವೆ: ‘ವಿ ಹ್ಯಾವ್ ಟೂ ಫರ್ನೇಸಸ್.’

ಲೆಕ್ಕಪತ್ರ ಬಲ್ಲ ನಮ್ಮ ಓದುಗರಿಗೆ ಇದನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. ಲಾಭ-ನಷ್ಟದ ಖಾತೆಯು ಒಂದು ಅವಧಿಯಲ್ಲಿ ನಡೆದ ವಹಿವಾಟನ್ನು ತೋರಿಸುತ್ತದೆ. ಬ್ಯಾಲೆನ್ಸ್ ಶೀಟು ಒಂದು ದಿನದಂದು ಇರುವ ಸ್ಥಿತಿಯನ್ನು ತೋರಿಸುತ್ತದೆ. ಮೊದಲನೆಯದಕ್ಕೆ ಸೇರುವ ಮಾತಿಗೆ ಕಂಟಿನ್ಯುಯಸ್ ಹೊಂದುತ್ತದೆ. ಬ್ಯಾಲೆನ್ಸ್ ಶೀಟಿಗೆ ಸೇರುವ ಆಸ್ತಿ, ಬಾಕಿ, ದಾಸ್ತಾನು ಮೊದಲಾದ ಮಾತುಗಳಿಗೆ ಸಿಂಪಲ್ ಟೆನ್ಸ್ ಹೊಂದುತ್ತದೆ.

ಕನ್ನಡಿಗರಿಗೆ ಈ ತೊಡಕು ಏಕೆ?

ನಮ್ಮ ಭಾಷೆಯಲ್ಲಿ ‘ಕೇಳಿಸುತ್ತಿದೆ’, ‘ಕಾಣಿಸುತ್ತಿದೆ’, ‘ಅರ್ಥವಾಗುತ್ತಿಲ್ಲ’, ‘ವಾಸನೆ ಬರುತ್ತಿದೆ’ ಎಂಬ ಪ್ರಯೋಗಗಳು ಸರ್ವಸಾಧಾರಣ. ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷ್ ಬರೆದಾಗ ‘ಐ ಆ್ಯಮ್ ಹಿಯರಿಂಗ್’, ‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಎಂಬ ವಾಕ್ಯಗಳು ತಾವಾಗಿಯೇ ಹುಟ್ಟುತ್ತವೆ. ‘ಹೊಂದಿದ್ದೇವೆ’ ಎಂಬಲ್ಲಿನ ‘ಇದ್ದೇವೆ’ಯನ್ನು ಇಂಗ್ಲಿಷಿಗೆ ತಂದರೆ ‘ವಿ ಆರ್ ಹ್ಯಾವಿಂಗ್’ ಆಗುತ್ತದೆ. ಇದು ಕನ್ನಡಿಗರಿಗೆ ಮಾತ್ರ ಸೀಮಿತವಾದ ಪ್ರಯೋಗವಲ್ಲ. ಭಾರತೀಯ ಇಂಗ್ಲಿಷಿನ ಒಂದು ಲಕ್ಷಣವೆಂದೇ ಭಾಷಾಶಾಸ್ತ್ರಜ್ಞರು ಇದನ್ನು ಗುರುತಿಸಿದ್ದಾರೆ. ನಮ್ಮ ದೇಶದೊಳಗೆ ಇದರಿಂದ ಸಾಮಾನ್ಯವಾಗಿ ಬಾಧಕವಿಲ್ಲ. ಹೊರದೇಶದ ಖರೀದಿದಾರರ ಮುಂದೆ ಹಾಗೂ ಅರ್ಥವೇ ಬದಲಾಗುವ ಕಡೆಗಳಲ್ಲಿ ಮಾತ್ರ ಎಚ್ಚರ ಅಗತ್ಯ.

ಸಮಾಧಾನದ ಸಂಗತಿಯೆಂದರೆ, ಸ್ಥಿತಿ ಮತ್ತು ಚಟುವಟಿಕೆಗಳ ಭೇದವು ಕನ್ನಡಕ್ಕೆ ಹೊಸದೇನಲ್ಲ. ‘ಗೊತ್ತು’, ‘ಬೇಕು’, ‘ಸಾಕು’, ‘ಉಂಟು’ ಎಂಬ ನಮ್ಮ ಮಾತುಗಳಿಗೆ ‘-ಉತ್ತಿದೆ’ ಹತ್ತುವುದೇ ಇಲ್ಲ. ‘ಗೊತ್ತುತ್ತಿದೆ’ ಎಂದು ಎಳೆಯ ಮಗುವೂ ಹೇಳದು. ‘ನೋ’ ಮತ್ತು ‘ನೀಡ್’ ಎಂಬ ಇಂಗ್ಲಿಷ್ ಕ್ರಿಯಾಪದಗಳನ್ನು ಬಳಸುವಾಗ ನಮ್ಮ ‘ಗೊತ್ತು’ ಮತ್ತು ‘ಬೇಕು’ಗಳನ್ನು ನೆನೆದರೆ ತಪ್ಪುವ ಸಂಭವ ಬಹಳ ಕಡಿಮೆ.

ವ್ಯವಹಾರದಲ್ಲಿ ಬರುವ ಸ್ಥಿತಿವಾಚಕಗಳು

ಅ) ಒಡೆತನ ಮತ್ತು ಒಳಗೊಳ್ಳುವಿಕೆ: ಹ್ಯಾವ್, ಓನ್, ಬಿಲಾಂಗ್, ಓ, ಕಂಟೇನ್, ಕನ್ಸಿಸ್ಟ್, ಇನ್‌ಕ್ಲೂಡ್. ಬಾಕಿದಾರರಿಗೆ ಬರೆಯುವಾಗ ‘ಯು ಆರ್ ಓಯಿಂಗ್ ಅಸ್’ ಎನ್ನದೆ ‘ಯು ಓ ಅಸ್ ರುಪೀಸ್ 40,000’ ಎನ್ನಬೇಕು. ‘ದ ಪ್ರೈಸ್ ಇನ್‌ಕ್ಲೂಡ್ಸ್ ಫ್ರೈಟ್’ ಎಂದರೆ ದರದಲ್ಲಿ ಸಾಗಣೆ ವೆಚ್ಚ ಸೇರಿದೆ ಎಂದರ್ಥ.

ಆ) ಅರಿವು ಮತ್ತು ಅಭಿಪ್ರಾಯ: ನೋ, ಅಂಡರ್‌ಸ್ಟ್ಯಾಂಡ್, ಬಿಲೀವ್, ರಿಮೆಂಬರ್, ಮೀನ್. ‘ವಿ ಅಂಡರ್‌ಸ್ಟ್ಯಾಂಡ್ ಯುವರ್ ಟರ್ಮ್ಸ್’ ಎಂಬುದು ಸರಿ.

ಇ) ಅಪೇಕ್ಷೆ: ವಾಂಟ್, ನೀಡ್, ಪ್ರಿಫರ್, ಲೈಕ್. ‘ವಿ ನೀಡ್ ದ ಮೆಟೀರಿಯಲ್ ಬೈ ಫ್ರೈಡೇ.’

ಈ) ಬೆಲೆ, ಅಳತೆ, ಅವಲಂಬನೆ: ಕಾಸ್ಟ್, ವೇ, ಮೆಷರ್, ಫಿಟ್, ಡಿಪೆಂಡ್. ‘ದ ಡೆಲಿವರಿ ಡೇಟ್ ಡಿಪೆಂಡ್ಸ್ ಆನ್ ದ ಅಡ್ವಾನ್ಸ್.’

ಶಾಲೆಯಲ್ಲಿ ಅನೇಕರು ಓದಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕದಲ್ಲಿಯೂ ಇಂತಹ ಪಟ್ಟಿಯಿದೆ. ಆದರೆ ಪಟ್ಟಿಯನ್ನು ಕಂಠಪಾಠ ಮಾಡಿದರೆ ಸಾಲದು. ಒಂದೇ ಕ್ರಿಯಾಪದವು ಒಂದು ಕಡೆ ಸ್ಥಿತಿಯನ್ನೂ ಇನ್ನೊಂದು ಕಡೆ ಚಟುವಟಿಕೆಯನ್ನೂ ಹೇಳುವುದುಂಟು. ಅದು ಇಂದ್ರಿಯಗಳಿಗೆ ಸಂಬಂಧಿಸಿದ ಮಾತುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಪಂಚೇಂದ್ರಿಯಗಳ ಮಾತು

ಕಾಫಿ, ಅಗರಬತ್ತಿ, ರೇಷ್ಮೆ, ಗ್ರಾನೈಟ್, ಯಂತ್ರೋಪಕರಣ ಇವು ಕರ್ನಾಟಕದಿಂದ ಹೊರಹೋಗುವ ಸರಕುಗಳು. ಇವನ್ನು ವರ್ಣಿಸುವಾಗ ರುಚಿ, ಪರಿಮಳ, ಸ್ಪರ್ಶ, ನೋಟ ಹಾಗೂ ಸದ್ದಿನ ಮಾತು ಬಂದೇ ಬರುತ್ತದೆ.

ಕಣ್ಣು ಮತ್ತು ಕಿವಿಗಳ ವಿಷಯದಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಸಾಮ್ಯವಿದೆ. ನಾವು ‘ಕಾಣು’ ಮತ್ತು ‘ನೋಡು’ ಎಂದು ಎರಡು ಮಾತುಗಳನ್ನು ಬಳಸುವಂತೆ ಅವರು ‘ಸೀ’ ಮತ್ತು ‘ಲುಕ್’ ಎನ್ನುತ್ತಾರೆ; ‘ಕೇಳಿಸು’ ಮತ್ತು ‘ಆಲಿಸು’ ಎಂಬಂತೆ ‘ಹಿಯರ್’ ಮತ್ತು ‘ಲಿಸನ್’ ಎನ್ನುತ್ತಾರೆ. ತಾನಾಗಿ ಕಣ್ಣಿಗೆ ಬೀಳುವುದು, ಕಿವಿಗೆ ಬೀಳುವುದು ಸ್ಥಿತಿ. ಉದ್ದೇಶಪೂರ್ವಕವಾಗಿ ನೋಡುವುದು, ಆಲಿಸುವುದು ಚಟುವಟಿಕೆ. ವಿಡಿಯೊ ಕರೆಗಳಲ್ಲಿ ‘ಆರ್ ಯು ಹಿಯರಿಂಗ್ ಮಿ?’ ಎಂದು ಕೇಳುವ ರೂಢಿಯಿದೆ. ಅಲ್ಲಿ ‘ಕ್ಯಾನ್ ಯು ಹಿಯರ್ ಮಿ?’ ಎನ್ನಬೇಕು. ‘ಈಗ ಈ ಕ್ಷಣದಲ್ಲಿ’ ಎಂಬ ಅರ್ಥ ಬೇಕಾದಾಗ ಇಂದ್ರಿಯವಾಚಕಗಳಿಗೆ ‘ಕ್ಯಾನ್’ ಸೇರಿಸುವುದೇ ಇಂಗ್ಲಿಷಿನ ಮರ್ಯಾದೆ: ‘ಐ ಕ್ಯಾನ್ ಸೀ ದ ಡ್ರಾಯಿಂಗ್ ಆನ್ ಮೈ ಸ್ಕ್ರೀನ್.’ ನಾಲ್ಕು ಬಾರಿ ‘ಐ ಆ್ಯಮ್ ಸೀಯಿಂಗ್’ ಎನ್ನುವುದಕ್ಕಿಂತ ಒಂದು ಬಾರಿ ‘ಐ ಕ್ಯಾನ್ ಸೀ’ ಎನ್ನುವುದು ಸುಲಭವೂ ಹೌದು.

ಮೂಗು, ನಾಲಿಗೆ, ಚರ್ಮಗಳಿಗೆ ಬಂದಾಗ ಹಾದಿ ಬೇರೆಯಾಗುತ್ತದೆ. ‘ಮೂಸು’ ಎಂಬುದಕ್ಕೂ ‘ಪರಿಮಳ ಸೂಸು’ ಎಂಬುದಕ್ಕೂ ಇಂಗ್ಲಿಷಿನಲ್ಲಿ ‘ಸ್ಮೆಲ್’ ಒಂದೇ. ‘ರುಚಿ ನೋಡು’ ಎಂಬುದಕ್ಕೂ ‘ರುಚಿಯಾಗಿರು’ ಎಂಬುದಕ್ಕೂ ‘ಟೇಸ್ಟ್’ ಒಂದೇ. ‘ಮುಟ್ಟಿ ನೋಡು’ ಎಂಬುದಕ್ಕೂ ‘ಮುಟ್ಟಿದಾಗ ನುಣುಪಾಗಿರು’ ಎಂಬುದಕ್ಕೂ ‘ಫೀಲ್’ ಒಂದೇ. ಕನ್ನಡವು ಎರಡು ಮಾತುಗಳಿಂದ ತೋರಿಸುವ ಭೇದವನ್ನು ಇಂಗ್ಲಿಷು ಟೆನ್ಸ್‌ನ ಮೂಲಕ ತೋರಿಸುತ್ತದೆ.

ಕಾಫಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕಾಫಿ ವ್ಯಾಪಾರದಲ್ಲಿ ಗುಣಮಟ್ಟ ನಿರ್ಧಾರಕ್ಕೆ ನುರಿತ ರುಚಿಪರೀಕ್ಷಕರು ಬಟ್ಟಲಿನಿಂದ ಬಟ್ಟಲಿಗೆ ಸವಿದು ನೋಡುವ ಪದ್ಧತಿಯಿದೆ. ‘ದ ಟೇಸ್ಟರ್ ಈಸ್ ಟೇಸ್ಟಿಂಗ್ ತ್ರೀ ಸ್ಯಾಂಪಲ್ಸ್’ ಎಂಬುದು ಸರಿ. ಅದು ಆತನು ಮಾಡುತ್ತಿರುವ ಕೆಲಸ. ‘ದ ಸೆಕೆಂಡ್ ಸ್ಯಾಂಪಲ್ ಟೇಸ್ಟ್ಸ್ ಬಿಟರ್’ ಎಂಬುದೂ ಸರಿ. ಅದು ಕಾಫಿಯ ಗುಣ. ಆದರೆ ‘ದ ಸ್ಯಾಂಪಲ್ ಈಸ್ ಟೇಸ್ಟಿಂಗ್ ಬಿಟರ್’ ಎಂದರೆ ಕಹಿ ಎಂಬುದು ಈಗ ತಾತ್ಕಾಲಿಕವಾಗಿ ತಲೆದೋರಿದೆ ಎಂಬ ಭಾವ ಸುಳಿಯುತ್ತದೆ. ಗುಣಮಟ್ಟದ ವರದಿಯಲ್ಲಿ ಇಂತಹ ಸಂದಿಗ್ಧಕ್ಕೆ ಎಡೆಕೊಡಬಾರದು.

ಅಂತೆಯೇ ಅಗರಬತ್ತಿ ತಯಾರಕರು ‘ಅವರ್ ಸ್ಟಿಕ್ಸ್ ಸ್ಮೆಲ್ ಸ್ವೀಟ್’ ಎನ್ನಬೇಕು. ರೇಷ್ಮೆ ವರ್ತಕರು ‘ದ ಫ್ಯಾಬ್ರಿಕ್ ಫೀಲ್ಸ್ ಸಾಫ್ಟ್’ ಎನ್ನಬೇಕು. ಗಿರಾಕಿಯು ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದರೆ ‘ದ ಕಸ್ಟಮರ್ ಈಸ್ ಫೀಲಿಂಗ್ ದ ಫ್ಯಾಬ್ರಿಕ್’ ಎಂಬುದು ಸರಿಯಾದ ಪ್ರಯೋಗ. ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಗುಣವನ್ನು ಹೇಳುವ ಈ ಕ್ರಿಯಾಪದಗಳ ಮುಂದೆ ‘ಸ್ವೀಟ್ಲಿ’, ‘ಸಾಫ್ಟ್ಲಿ’ ಎಂಬ ರೂಪಗಳು ಬರುವುದಿಲ್ಲ. ‘ಸ್ವೀಟ್’, ‘ಸಾಫ್ಟ್’ ಎಂಬ ಗುಣವಾಚಕಗಳೇ ಬರಬೇಕು.

ಅರ್ಥವೇ ಬದಲಾಗುವ ಜೋಡಿಗಳು

ಈಗ ಹಣಕಾಸಿಗೆ ನೇರವಾಗಿ ತಾಗುವ ವಿಷಯಕ್ಕೆ ಬರೋಣ. ಕೆಳಗಿನ ಜೋಡಿಗಳಲ್ಲಿ ಎರಡೂ ವಾಕ್ಯಗಳು ವ್ಯಾಕರಣಶುದ್ಧವೇ. ಆದರೆ ಹೇಳುವುದು ಬೇರೆ ಬೇರೆ.

ಕನ್ಸಿಡರ್: ‘ವಿ ಕನ್ಸಿಡರ್ ದ ಆರ್ಡರ್ ಕ್ಯಾನ್ಸಲ್ಡ್’ ಎಂದರೆ ಆರ್ಡರ್ ರದ್ದಾಯಿತೆಂದೇ ನಮ್ಮ ನಿಲುವು. ‘ವಿ ಆರ್ ಕನ್ಸಿಡರಿಂಗ್ ಕ್ಯಾನ್ಸಲಿಂಗ್ ದ ಆರ್ಡರ್’ ಎಂದರೆ ರದ್ದು ಮಾಡುವ ಯೋಚನೆಯಷ್ಟೇ ಇದೆ. ಮೊದಲನೆಯದನ್ನು ಪಡೆದ ತಯಾರಕನು ಯಂತ್ರ ನಿಲ್ಲಿಸಬೇಕು. ಎರಡನೆಯದನ್ನು ಪಡೆದವನಿಗೆ ಮಾತುಕತೆಗೆ ಅವಕಾಶವಿದೆ.

ಥಿಂಕ್: ‘ವಿ ಥಿಂಕ್ ಯುವರ್ ಪ್ರೈಸ್ ಈಸ್ ಹೈ’ ಎಂಬುದು ತೀರ್ಮಾನವಾದ ಅಭಿಪ್ರಾಯ. ‘ವಿ ಆರ್ ಥಿಂಕಿಂಗ್ ಅಬೌಟ್ ಯುವರ್ ಪ್ರೈಸ್’ ಎಂದರೆ ಇನ್ನೂ ಆಲೋಚನೆ ನಡೆದಿದೆ.

ಸೀ: ‘ಐ ಸೀ ಯುವರ್ ಪಾಯಿಂಟ್’ ಎಂದರೆ ನಿಮ್ಮ ಮಾತು ಮನವರಿಕೆಯಾಯಿತು. ‘ಐ ಆ್ಯಮ್ ಸೀಯಿಂಗ್ ದ ಬ್ಯಾಂಕ್ ಮ್ಯಾನೇಜರ್ ಆನ್ ಮಂಡೇ’ ಎಂದರೆ ಸೋಮವಾರ ಭೇಟಿ ನಿಗದಿಯಾಗಿದೆ.

ವೇ: ‘ದ ಕನ್ಸೈನ್‌ಮೆಂಟ್ ವೇಸ್ 500 ಕೆಜಿ’ ಎಂಬುದು ತೂಕದ ಹೇಳಿಕೆ. ‘ವಿ ಆರ್ ವೇಯಿಂಗ್ ದ ಕನ್ಸೈನ್‌ಮೆಂಟ್’ ಎಂದರೆ ಈಗ ತಕ್ಕಡಿಗೆ ಹಾಕಿದ್ದೇವೆ, ತೂಕ ಇನ್ನೂ ತಿಳಿದಿಲ್ಲ. ಸಾಗಣೆ ದಾಖಲೆಯಲ್ಲಿ ಇವೆರಡರ ವ್ಯತ್ಯಾಸ ಸಣ್ಣದಲ್ಲ.

ಹ್ಯಾವ್: ‘ವಿ ಹ್ಯಾವ್ ಎ ಲೇತ್’ ಎಂಬುದು ಒಡೆತನ. ಆದರೆ ‘ವಿ ಆರ್ ಹ್ಯಾವಿಂಗ್ ಟ್ರಬಲ್ ವಿತ್ ದ ಲೇತ್’, ‘ವಿ ಆರ್ ಹ್ಯಾವಿಂಗ್ ಎ ಮೀಟಿಂಗ್’, ‘ವಿ ಆರ್ ಹ್ಯಾವಿಂಗ್ ಲಂಚ್’ ಇವೆಲ್ಲ ಸರಿಯೇ; ಏಕೆಂದರೆ ಇಲ್ಲಿ ‘ಹ್ಯಾವ್’ ಎಂದರೆ ಅನುಭವಿಸು, ನಡೆಸು, ಸೇವಿಸು ಎಂದರ್ಥ. ‘ಹ್ಯಾವಿಂಗ್’ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುವ ಕಾರಣವಿಲ್ಲ.

ಬಿ: ‘ದ ಬಯರ್ ಈಸ್ ಡಿಫಿಕಲ್ಟ್’ ಎಂದರೆ ಆತನ ಸ್ವಭಾವವೇ ಕಷ್ಟದ್ದು. ‘ದ ಬಯರ್ ಈಸ್ ಬೀಯಿಂಗ್ ಡಿಫಿಕಲ್ಟ್’ ಎಂದರೆ ಈ ಸಲ ಮಾತ್ರ ತಕರಾರು ಮಾಡುತ್ತಿದ್ದಾನೆ. ಏಜೆಂಟರ ವರದಿಯಲ್ಲಿ ಈ ಒಂದು ಪದದ ಮೇಲೆ ಮುಂದಿನ ಸಾಲದ ಮಿತಿ ನಿರ್ಧಾರವಾಗಬಹುದು.

ಒಪ್ಪಿಗೆಯ ವಾಕ್ಯ

‘ಅಕ್ಸೆಪ್ಟ್’, ‘ಕನ್‌ಫರ್ಮ್’, ‘ಗ್ಯಾರಂಟಿ’ ಮುಂತಾದವು ಸ್ಥಿತಿವಾಚಕಗಳಲ್ಲ. ಆದರೂ ಇವನ್ನು ಸಿಂಪಲ್ ಪ್ರೆಸೆಂಟ್‌ನಲ್ಲಿಯೇ ಬರೆಯಬೇಕಾದ ಸಂದರ್ಭವಿದೆ. ಕೆಲವು ಮಾತುಗಳನ್ನು ಆಡಿದಾಗ ಆಡುವುದೇ ಒಂದು ಕಾರ್ಯವಾಗುತ್ತದೆ. ‘ಒಪ್ಪಿದ್ದೇನೆ’ ಎಂದೊಡನೆ ಒಪ್ಪಿಗೆ ಸಂಭವಿಸಿಬಿಡುತ್ತದೆ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ ಅವರು 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇಂತಹ ಮಾತುಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಈ ಮಾತುಗಳಿಗೆ ಸಿಂಪಲ್ ಪ್ರೆಸೆಂಟ್ ರೂಪವೇ ಸಹಜವಾದುದು: ‘ವಿ ಅಕ್ಸೆಪ್ಟ್ ಯುವರ್ ಆಫರ್.’

‘ವಿ ಆರ್ ಅಕ್ಸೆಪ್ಟಿಂಗ್ ಯುವರ್ ಆಫರ್’ ಎಂದು ಬರೆದರೆ ಒಪ್ಪುವ ಪ್ರಕ್ರಿಯೆ ನಡೆದಿದೆ, ಮುಂದೆ ಒಪ್ಪಲಿದ್ದೇವೆ ಎಂದೂ ಓದಬಹುದು. ಪ್ರಸ್ತಾಪವು ವಾಗ್ದಾನವಾಗಬೇಕಾದರೆ ಸ್ವೀಕೃತಿಯು ಪೂರ್ಣವೂ ಷರತ್ತುರಹಿತವೂ ಆಗಿರಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮದ 7ನೆಯ ಪ್ರಕರಣವು ಹೇಳುತ್ತದೆ. ಟೆನ್ಸ್ ತಪ್ಪಿದ ಮಾತ್ರಕ್ಕೆ ಕರಾರು ಬಿದ್ದುಹೋಗುತ್ತದೆಂದು ಇದರ ಅರ್ಥವಲ್ಲ. ಆದರೆ ದರ ಏರಿದಾಗ ಹಿಂದೆ ಸರಿಯಲು ನೆಪ ಹುಡುಕುವ ಎದುರಾಳಿಗೆ ನಾವಾಗಿಯೇ ಒಂದು ನೆಪವನ್ನು ಬರೆದುಕೊಡುವುದು ಜಾಣತನವಲ್ಲ.

‘ಇಷ್ಟು ವರ್ಷಗಳಿಂದ’ ಎನ್ನುವಾಗ

ಸ್ಥಿತಿಯು ಹಿಂದಿನಿಂದ ಇಂದಿನವರೆಗೆ ಮುಂದುವರಿದಿದ್ದರೆ ‘ಹ್ಯಾವ್ ಬೀನ್’ ಜೊತೆಗೆ ‘ಇಂಗ್’ ಸೇರಿಸಬೇಕೆಂದು ಹಲವರು ಭಾವಿಸುತ್ತಾರೆ. ಚಟುವಟಿಕೆಗೆ ಅದು ಸರಿ: ‘ವಿ ಹ್ಯಾವ್ ಬೀನ್ ಮೇಕಿಂಗ್ ಪಂಪ್ಸ್ ಸಿನ್ಸ್ 1998.’ ಸ್ಥಿತಿಗೆ ಸರಿಯಲ್ಲ. ‘ವಿ ಹ್ಯಾವ್ ನೋನ್ ದಿಸ್ ಫರ್ಮ್ ಫಾರ್ ಟೆನ್ ಇಯರ್ಸ್’, ‘ವಿ ಹ್ಯಾವ್ ಓನ್ಡ್ ದಿಸ್ ಮೆಷಿನ್ ಸಿನ್ಸ್ 2015’ ಎನ್ನಬೇಕು. ಮತ್ತೊಂದು ಸಂಸ್ಥೆಯ ಬಗೆಗೆ ಶಿಫಾರಸು ಪತ್ರ ಬರೆಯುವವರು ಮೊದಲ ವಾಕ್ಯವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

ತಪ್ಪಲ್ಲದ ‘ಇಂಗ್’

ನಿಯಮವನ್ನು ಕಲಿತ ಹುರುಪಿನಲ್ಲಿ ಸರಿಯಾದುದನ್ನೂ ತಿದ್ದುವ ಅಪಾಯವಿದೆ. ಟೆಂಡರ್ ಪ್ರಕಟಣೆಗಳಲ್ಲಿ ‘ಫರ್ಮ್ಸ್ ಹ್ಯಾವಿಂಗ್ ಎ ವ್ಯಾಲಿಡ್ ಲೈಸೆನ್ಸ್’ ಎಂದಿರುತ್ತದೆ. ಪ್ಯಾಕಿಂಗ್ ಪಟ್ಟಿಯಲ್ಲಿ ‘ಬಾಕ್ಸಸ್ ಕಂಟೇನಿಂಗ್ 24 ಪೀಸಸ್’ ಎಂದಿರುತ್ತದೆ. ಇವು ದೋಷಗಳಲ್ಲ. ಇಲ್ಲಿ ‘ಹ್ಯಾವಿಂಗ್’ ಎಂದರೆ ‘ಹೊಂದಿರುವ’, ‘ಕಂಟೇನಿಂಗ್’ ಎಂದರೆ ‘ಒಳಗೊಂಡಿರುವ’ ಎಂಬ ಕೃದಂತಗಳು. ‘ಈಸ್’, ‘ಆರ್’, ‘ವಾಸ್’, ‘ವರ್’ಗಳ ಬೆನ್ನಿಗೆ ಬಂದಾಗ ಮಾತ್ರ ಪರಿಶೀಲಿಸಿದರೆ ಸಾಕು.

ಬದಲಾವಣೆಯನ್ನು ಒತ್ತಿ ಹೇಳುವಾಗ ಸ್ಥಿತಿವಾಚಕವೂ ಕಂಟಿನ್ಯುಯಸ್ ಆಗಬಲ್ಲದು. ‘ಸ್ಟೀಲ್ ಈಸ್ ಕಾಸ್ಟಿಂಗ್ ಅಸ್ ಮೋರ್ ಎವೆರಿ ಮಂತ್’ ಎಂಬಲ್ಲಿ ಬೆಲೆ ನಿಂತಿಲ್ಲ, ಏರುತ್ತಿದೆ. ವಿನಯಕ್ಕಾಗಿಯೂ ಈ ರೂಪ ಒದಗುತ್ತದೆ: ‘ವಿ ವರ್ ಹೋಪಿಂಗ್ ಫಾರ್ ಎ ಬೆಟರ್ ರೇಟ್’ ಎಂಬುದು ‘ವಿ ಹೋಪ್’ ಎಂಬುದಕ್ಕಿಂತ ಮೃದುವಾದ ಕೋರಿಕೆ. ‘ಐ ಲುಕ್ ಫಾರ್ವರ್ಡ್’ ಮತ್ತು ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್’ ಎರಡೂ ಸರಿ. ಮೊದಲನೆಯದು ಔಪಚಾರಿಕ, ಎರಡನೆಯದು ಆತ್ಮೀಯ.

ಮೆಕ್‌ಡೊನಾಲ್ಡ್ಸ್ ಸಂಸ್ಥೆಯು 2003ರಲ್ಲಿ ಆರಂಭಿಸಿದ ಜಾಹೀರಾತಿನಲ್ಲಿ ‘ಲವ್’ ಎಂಬ ಸ್ಥಿತಿವಾಚಕವನ್ನೇ ಕಂಟಿನ್ಯುಯಸ್ ರೂಪದಲ್ಲಿ ಬಳಸಿದೆಯಲ್ಲ ಎಂದು ಕೆಲವರು ಕೇಳಬಹುದು. ಅದು ತಿಳಿದೇ ಮಾಡಿದ ಪ್ರಯೋಗ. ಈ ಕ್ಷಣದ ಸವಿಯನ್ನು ಆಡುಮಾತಿನ ಧಾಟಿಯಲ್ಲಿ ಹೇಳುವುದು ಅದರ ಉದ್ದೇಶ. ಜಾಹೀರಾತಿಗೆ ಸಲ್ಲುವ ಸ್ವಾತಂತ್ರ್ಯ ಕೊಟೇಶನ್ನಿಗೆ ಸಲ್ಲದು.

ಅಭ್ಯಾಸ

ಕೆಳಗಿನ ವಾಕ್ಯಗಳಲ್ಲಿ ಸರಿ ಯಾವುದು, ತಪ್ಪು ಯಾವುದು? ಉತ್ತರ ನೋಡುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ.

1. ‘ದಿಸ್ ಕಾರ್ಟನ್ ಈಸ್ ಕಂಟೇನಿಂಗ್ 48 ಪ್ಯಾಕೆಟ್ಸ್.’
2. ‘ಕಾರ್ಟನ್ಸ್ ಕಂಟೇನಿಂಗ್ 48 ಪ್ಯಾಕೆಟ್ಸ್ ವಿಲ್ ಗೋ ಫಸ್ಟ್.’
3. ‘ದ ಸೂಪರ್‌ವೈಸರ್ ಈಸ್ ಮೆಷರಿಂಗ್ ದ ಶಾಫ್ಟ್.’
4. ‘ದ ಶಾಫ್ಟ್ ಈಸ್ ಮೆಷರಿಂಗ್ 40 ಎಂಎಂ.’
5. ‘ವಿ ಆರ್ ನೋಯಿಂಗ್ ದಿಸ್ ಟ್ರಾನ್ಸ್‌ಪೋರ್ಟರ್ ಸಿನ್ಸ್ 2012.’
6. ‘ವಿ ಆರ್ ಹ್ಯಾವಿಂಗ್ ಎ ಮೀಟಿಂಗ್ ವಿತ್ ಡೀಲರ್ಸ್ ಟುಮಾರೊ.’
7. ‘ದ ಚಿಲ್ಲಿ ಪೌಡರ್ ಈಸ್ ಸ್ಮೆಲಿಂಗ್ ಫ್ರೆಶ್ಲಿ.’
8. ‘ವಿ ಆರ್ ಕನ್‌ಫರ್ಮಿಂಗ್ ದ ಆರ್ಡರ್.’

ಉತ್ತರಗಳು: 1. ತಪ್ಪು, ‘ಕಂಟೇನ್ಸ್’ ಎಂದಾಗಬೇಕು. 2. ಸರಿ, ಇದು ಕೃದಂತ. 3. ಸರಿ, ಅಳೆಯುವುದು ಚಟುವಟಿಕೆ. 4. ತಪ್ಪು, ‘ಮೆಷರ್ಸ್ 40 ಎಂಎಂ’ ಎಂದಾಗಬೇಕು. 5. ತಪ್ಪು, ‘ವಿ ಹ್ಯಾವ್ ನೋನ್’ ಎಂದಾಗಬೇಕು. 6. ಸರಿ, ಇಲ್ಲಿ ‘ಹ್ಯಾವ್’ ಎಂದರೆ ನಡೆಸು. 7. ತಪ್ಪು, ‘ಸ್ಮೆಲ್ಸ್ ಫ್ರೆಶ್’ ಎಂದಾಗಬೇಕು. 8. ಅರ್ಥ ತಿಳಿದರೂ ಸಡಿಲ. ಒಪ್ಪಿಗೆ ಖಚಿತವಾಗಿದ್ದರೆ ‘ವಿ ಕನ್‌ಫರ್ಮ್ ದ ಆರ್ಡರ್’ ಎಂದೇ ಬರೆಯಬೇಕು.

ಪತ್ರವನ್ನು ಕಳುಹಿಸುವ ಮುನ್ನ ಅದರಲ್ಲಿನ ಪ್ರತಿಯೊಂದು ‘ಆರ್’ ಮತ್ತು ‘ಈಸ್’ ಬಳಿ ಒಂದು ಕ್ಷಣ ನಿಂತು, ಮುಂದೆ ಬರುವ ‘ಇಂಗ್’ ಪದವು ಯಾರಾದರೂ ಮಾಡುತ್ತಿರುವ ಕೆಲಸವೇ, ಇರುವ ಸ್ಥಿತಿಯೇ ಎಂದು ಕೇಳಿಕೊಳ್ಳಿರಿ. ಕೆಲಸವಾದರೆ ಹಾಗೆಯೇ ಬಿಡಿ. ಸ್ಥಿತಿಯಾದರೆ ಸಿಂಪಲ್ ಟೆನ್ಸ್‌ಗೆ ತಿದ್ದಿರಿ. ಕಚೇರಿಯಲ್ಲಿ ಸಿದ್ಧವಿರುವ ಕೊಟೇಶನ್ ಮತ್ತು ಆರ್ಡರ್ ಸ್ವೀಕೃತಿಯ ಮಾದರಿಗಳನ್ನು ಒಮ್ಮೆ ಹೀಗೆ ಪರಿಶೀಲಿಸಿ ಸರಿಪಡಿಸಿಟ್ಟರೆ, ಮುಂದೆ ಅವುಗಳಿಂದ ಹೊರಡುವ ಪ್ರತಿಯೊಂದು ಪತ್ರವೂ ಶುದ್ಧವಾಗಿಯೇ ಹೊರಡುತ್ತದೆ.